ಶೇಕಡ 60 ಕನ್ನಡ ಬಂತು, ಅಕ್ಷರ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಅಂಗಡಿ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನು ಬಂದಾಗ ಖುಷಿಪಟ್ಟವರಲ್ಲಿ ನಾನೂ ಇದ್ದೆ. ಬಾಗಲಕೋಟೆಯ ನವನಗರದಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ನನ್ನದು. ಮದುವೆ ಕಾರ್ಡು, ಜಾತ್ರೆ ಪೋಸ್ಟರು, ಅಂಗಡಿ ಬೋರ್ಡು, ಬೆಲ್ಲದ ಪಾಕೀಟು, ಏನು ಬಂದರೂ ಮಾಡುತ್ತೇನೆ. ಬೋರ್ಡುಗಳಲ್ಲಿ ಕನ್ನಡ ಜಾಸ್ತಿ ಆಗಿದೆ, ನಿಜ. ಆದರೆ ಆ ಕನ್ನಡ ನೋಡಲು ಹೇಗಿದೆ ಅಂತ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಅಳತೆ ಸರಿ ಇದ್ದರೆ ಆಯ್ತು ಅಂದುಕೊಂಡಿದ್ದೇವೆ.

ಮೊನ್ನೆ ಒಂದು ಬಟ್ಟೆ ಅಂಗಡಿಯ ಹೊಸ ಬೋರ್ಡು ನೋಡಿದೆ. ‘ವಸ್ತ್ರ’ ಅಂತ ಬರೆಸಲು ಹೋಗಿದ್ದಾರೆ. ಸಕಾರದ ಕೆಳಗೆ ಕೂರಬೇಕಾದ ಎರಡೂ ಒತ್ತು ಬಿಚ್ಚಿಕೊಂಡು ಪಕ್ಕದಲ್ಲಿ ಸಾಲಾಗಿ ನಿಂತಿವೆ: ‘ವಸ್‌ತ್‌ರ’. ಅದಕ್ಕೆ ಎಲ್‌ಇಡಿ ದೀಪ ಬೇರೆ. ಇದು ಹೇಗಾಗುತ್ತದೆ ಅಂತ ನನಗೆ ಗೊತ್ತು. ಒತ್ತು ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಹಳೆಯ ಆವೃತ್ತಿ ಇದ್ದರೆ, ಅಥವಾ ಫೋಟೋಶಾಪಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡದಿದ್ದರೆ ಅಕ್ಷರ ಹೀಗೆ ಒಡೆಯುತ್ತದೆ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಂಪ್ಯೂಟರು, ಮೊಬೈಲು ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸದೇ ಅಂಟಿಸಿದರೆ ಇನ್ನೂ ಕೆಟ್ಟದಾಗಿ ಬರುತ್ತದೆ. ಸರಿ ಮಾಡೋದು ದೊಡ್ಡ ಕೆಲಸವೇನಲ್ಲ. ಪ್ರಿಂಟಿಗೆ ಕಳಿಸುವ ಮುಂಚೆ ಕನ್ನಡ ಓದಲು ಬರುವ ಒಬ್ಬರು ಕಣ್ಣಾಡಿಸಿದರೆ ಸಾಕು.

ಕೈಯಲ್ಲಿ ಬೋರ್ಡು ಬರೆಯುವ ಪೇಂಟರ್‌ಗಳಿಂದ ಇಂಥ ತಪ್ಪು ಆಗುತ್ತಿರಲಿಲ್ಲ. ನಾನು ಡಿಸೈನ್ ಕಲಿತದ್ದು ಕಂಪ್ಯೂಟರಿನಲ್ಲಿ. ಆದರೆ ಅಕ್ಷರ ನೋಡಲು ಕಲಿತದ್ದು ಟ್ರ್ಯಾಕ್ಟರ್ ಟ್ರೇಲರಿಗೆ ಹೆಸರು ಬರೆಯುವ ಒಬ್ಬ ಹಿರಿಯರ ಪಕ್ಕದಲ್ಲಿ ಕೂತು. ಅವರು ಸುಣ್ಣ ಹಚ್ಚಿದ ದಾರ ಬಿಗಿಯಾಗಿ ಹಿಡಿದು ಚಟ್ ಅಂತ ಬಿಟ್ಟು ಗೆರೆ ಹಾಕುತ್ತಿದ್ದರು. ಅಕ್ಷರದ ತಲೆಗೊಂದು, ಬುಡಕ್ಕೊಂದು, ಒತ್ತಿಗೆ ಅಂತಲೇ ಕೆಳಗೆ ಇನ್ನೊಂದು. ಬಲಗೈ ಅಲುಗಬಾರದು ಅಂತ ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಮಣಿಕಟ್ಟು ಇಡುತ್ತಿದ್ದರು. ‘ಶ್ರೀ ಬನಶಂಕರಿ ಪ್ರಸನ್ನ’ ಅಂತ ಬರೆಯಬೇಕು ಅಂದುಕೊಳ್ಳಿ. ಮೊದಲಿಗೆ ಶ್ರೀಯ ಒತ್ತು, ಕೊನೆಗೆ ಪ್ರಸನ್ನದಲ್ಲಿ ಎರಡು ಒತ್ತು, ನಡುವೆ ಬನಶಂಕರಿ ಕೆಳಗೆ ಬರೀ ಖಾಲಿ. ಅವರು ಆ ಖಾಲಿ ಜಾಗದಲ್ಲಿ ಒಂದು ಸಣ್ಣ ಬಳ್ಳಿ ಎಳೆದುಬಿಡುತ್ತಿದ್ದರು. ಇಡೀ ಸಾಲಿನ ತೂಕ ಸರಿಹೋಗುತ್ತಿತ್ತು. ಇದನ್ನು ಯಾವ ಕೋರ್ಸಿನಲ್ಲೂ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ರಸ್ತೆಯಲ್ಲಿ ನಿಂತು ನೋಡಿ. ಮೊದಲು ಜಾನಪದ ಹಾಡು ಕೇಳುತ್ತದೆ, ಆಮೇಲೆ ಟ್ರ್ಯಾಕ್ಟರ್ ಕಾಣುತ್ತದೆ, ಅದು ದಾಟಿ ಹೋದ ಮೇಲೆ ಟ್ರೇಲರ್ ಹಿಂದಿನ ಬರಹ. ದೇವರ ಹೆಸರು, ಊರಿನ ಹೆಸರು, ಮಕ್ಕಳ ಹೆಸರು, ಮೂಲೆಯಲ್ಲಿ ಸಣ್ಣದಾಗಿ ಬರೆದವರ ಸಹಿ. ನಮ್ಮ ಭಾಗದಲ್ಲಿ ಕೈಬರಹದ ಕನ್ನಡ ಇನ್ನೂ ಉಳಿದಿರುವುದು ಈ ಟ್ರೇಲರುಗಳ ಮೇಲೆಯೇ. ಈಗ ಅಲ್ಲಿಗೂ ರೇಡಿಯಂ ಸ್ಟಿಕರ್ ಬಂದಿದೆ.

ಬಾದಾಮಿಗೆ ಹೋದಾಗಲೆಲ್ಲ ಕಪ್ಪೆ ಅರಭಟ್ಟನ ಶಾಸನ ನೋಡಿಯೇ ಬರುತ್ತೇನೆ. ಸುಮಾರು ಕ್ರಿ.ಶ. 700ರ ಕಾಲದ್ದು. ತ್ರಿಪದಿ ಇರುವ ಶಾಸನ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಅಲ್ವಾ? ನಾನು ನೋಡುವುದು ಅಲ್ಲಿನ ಅಕ್ಷರ. ಉಳಿ ಹಿಡಿದವನಿಗೆ ಒಂದು ಅಕ್ಷರ ಕೆಟ್ಟರೆ ಅಳಿಸುವ ದಾರಿ ಇರಲಿಲ್ಲ. ವಿಜಯಪುರದ ಇಬ್ರಾಹಿಂ ರೋಜಾದಲ್ಲಂತೂ ಕಿಟಕಿಯ ಕಲ್ಲಿನ ಜಾಲರಿಯೇ ಬರಹ. ಅರಬಿ ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ನನಗೆ ಅದನ್ನು ಓದಲು ಬರುವುದಿಲ್ಲ, ಆದರೂ ಅಲ್ಲಿಂದ ಬೇಗ ಏಳಲು ಮನಸ್ಸಾಗುವುದಿಲ್ಲ. ಇಷ್ಟೆಲ್ಲ ಸುತ್ತಮುತ್ತ ಇಟ್ಟುಕೊಂಡು ನಾವು ಒಡೆದ ಒತ್ತಿನ ಬೋರ್ಡು ಯಾಕೆ ಸಹಿಸಬೇಕು?

ನಮ್ಮ ಜನಕ್ಕೆ ಇದೆಲ್ಲ ಬೇಡ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮದುವೆ ಕಾರ್ಡಿನ ಅಂಚಿಗೆ ಇಳಕಲ್ ಸೀರೆಯ ಸೆರಗಿನಲ್ಲಿರುವ ತೋಪು ತೆನಿ ವಿನ್ಯಾಸ ಹಾಕಿದ್ದೆ, ಕೆಂಪಿನ ಮೇಲೆ ಬಿಳಿ. ಮದುಮಗಳ ಅಜ್ಜಿಗೆ ಓದಲು ಬರುವುದಿಲ್ಲ. ಕಾರ್ಡು ಕೈಗೆ ಬಂದದ್ದೇ ‘ಇದು ನಮ್ಮ ಸೆರಗು ಐತಲ್ಲ’ ಅಂದರು.

ಒಂದು ನೋವು ಹೇಳಲೇಬೇಕು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಅಲ್ಲಿನ ಅಂಗಡಿ ಬೋರ್ಡುಗಳ ಚಿತ್ರ ಸಿಗಬಹುದಾ ಅಂತ ಪರಿಚಯದವರ ಮನೆಗಳಲ್ಲಿ ಕೇಳಿದೆ. ಸಿಕ್ಕಿದ್ದು ಮನೆಮಂದಿಯ ಫೋಟೋಗಳು. ಯಾರದೋ ಹೆಗಲ ಹಿಂದೆ ಅರ್ಧ ಕಾಣುವ ‘ಕಿರಾಣಿ’, ಇನ್ನೊಂದರಲ್ಲಿ ಬರೀ ‘ಸ್ಟೋರ್ಸ್’. ಎಂಥ ಚೆಂದದ ಅಕ್ಷರ ಅವು! ಬೇಕು ಅಂತ ಯಾರೂ ತೆಗೆದಿಟ್ಟಿರಲಿಲ್ಲ.

ಈಗ ಮಾಡಬಹುದಾದದ್ದು ಇದೆ. ಬೋರ್ಡಿಗೆ ಅನುಮತಿ ಕೊಡುವವರು ಅಳತೆಯ ಜೊತೆ ಅಕ್ಷರವನ್ನೂ ಓದಿ ನೋಡಲಿ. ಅಂಗಡಿಯವರಿಗೆ ಫಾಂಟಿನ ಖರ್ಚಿನ ನೆಪವೂ ಬೇಡ. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೊ, ಎಲ್ಲ ಪುಕ್ಕಟೆ ಸಿಗುತ್ತವೆ. ಹುಬ್ಬಳ್ಳಿ ಅನ್ನುವ ಹೆಸರಿನ ಫಾಂಟೇ ಇದೆ. ನಮ್ಮ ಪೇಂಟರ್‌ಗಳ ಅಕ್ಷರ ಇಟ್ಟುಕೊಂಡು ಬಾಗಲಕೋಟೆ ಅನ್ನುವ ಫಾಂಟು ಯಾಕೆ ಬರಬಾರದು? ಮಾಡುವ ಹುಡುಗ ಹುಡುಗಿಯರು ಇದ್ದಾರೆ, ಮಾದರಿ ಕೊಡುವ ಕೈಗಳು ಕಡಿಮೆ ಆಗುತ್ತಿವೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ನಡೆಯುತ್ತದೆ. ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಹಾಗಿದ್ದಾಗ ಜಾತ್ರೆಯ ಸ್ವಾಗತ ಕಮಾನು, ದಾರಿ ತೋರಿಸುವ ಬೋರ್ಡುಗಳನ್ನು ಬಟ್ಟೆಯ ಮೇಲೋ ಹಲಗೆಯ ಮೇಲೋ ಪೇಂಟರ್‌ಗಳ ಕೈಯಲ್ಲೇ ಬರೆಸಲಿ. ಅವರಿಗೆ ಕೆಲಸ ಸಿಗುತ್ತದೆ, ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೆ ಕಲಿಯಲು ಸಿಗುತ್ತದೆ.

ನಿಮ್ಮಲ್ಲೂ ಒಂದು ಬೇಡಿಕೆ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಓದುಗರು ಕಳಿಸುವ ಒಂದು ಕೈಬರಹದ ಬೋರ್ಡಿನ ಫೋಟೋ ಹಾಕಿ. ಬರೆದವರು ಒಪ್ಪಿದರೆ ಅವರ ಹೆಸರು, ಊರು ಸಹಿತ. ಮೊದಲ ಕೆಲವು ವಾರಕ್ಕೆ ಆಗುವಷ್ಟು ಟ್ರೇಲರ್ ಬರಹದ ಫೋಟೋ ನನ್ನ ಹತ್ತಿರ ಇವೆ. ಕೇಳಿದ ದಿನವೇ ಕಳಿಸುತ್ತೇನೆ.

ಇಂತಿ,
ಒಬ್ಬ ಗ್ರಾಫಿಕ್ ಡಿಸೈನರ್
ನವನಗರ, ಬಾಗಲಕೋಟೆ