ಧ್ಯಾನಕ್ಕೆ ಎಲೆಕ್ಟ್ರಾನಿನ ಸಾಕ್ಷಿ ಯಾಕೆ?

ಸಂಪಾದಕರೇ,

ಹೋದ ತಿಂಗಳು ನಮ್ಮಕ್ಕ ಕುತ್ತಿಗೆಗೆ ಒಂದು ಕಪ್ಪು ಪೆಂಡೆಂಟ್ ಹಾಕಿಕೊಂಡು ಮನೆಗೆ ಬಂದಳು. ಯಾವುದೋ ಪ್ರವಚನ ಮುಗಿದ ಮೇಲೆ ಹಾಲ್ ಹೊರಗೆ ಟೇಬಲ್ ಹಾಕಿಕೊಂಡು ಮಾರುತ್ತಿದ್ದರಂತೆ, 3,500 ರೂಪಾಯಿ. ಅದರಲ್ಲಿ ಕ್ವಾಂಟಮ್ ಶಕ್ತಿ ಇದೆಯಂತೆ, ಮಂಡಿ ನೋವು ಹೋಗುತ್ತದಂತೆ. "ನೀನು ಇಷ್ಟು ವರ್ಷ ಪಾಠ ಮಾಡಿದ್ದು ಇದನ್ನೇ ಅಲ್ವಾ, ನಮಗೆ ಒಂದು ಮಾತು ಹೇಳಲಿಲ್ಲ ನೋಡು" ಅಂದಳು. ನನಗೆ ತುಂಬ ಬೇಜಾರಾಯಿತು. ಕ್ವಾಂಟಮ್ ಅಂದರೆ ನಾನು ಪಾಠ ಮಾಡಿದ ಭೌತಶಾಸ್ತ್ರದಲ್ಲಿ ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ವಿಷಯ.

ನೋಡಿದ ಕೂಡಲೇ ಕಣ ಬದಲಾಗುತ್ತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ, ಅಂದಮೇಲೆ ಜಗತ್ತನ್ನು ಸೃಷ್ಟಿಸುವುದು ನಮ್ಮ ಮನಸ್ಸೇ. ಪ್ರವಚನದ ಸಾರ ಇದು. ಈ ಮಾತು ಈಗ ಎಲ್ಲಾ ಕಡೆ ಕೇಳುತ್ತದೆ. ಆದರೆ ಇಲ್ಲಿ "ನೋಡುವುದು" ಅನ್ನೋ ಪದದಲ್ಲೇ ಎಡವಟ್ಟಾಗಿದೆ. ವಿಜ್ಞಾನದಲ್ಲಿ ಅದು ಮನಸ್ಸಿಟ್ಟು ನೋಡುವುದಲ್ಲ, ಉಪಕರಣದಿಂದ ಅಳೆಯುವುದು.

ಪಿಯು ಮಕ್ಕಳಿಗೆ ನಾನು ಒಂದು ಪ್ರಯೋಗ ತೋರಿಸುತ್ತಿದ್ದೆ. ಲ್ಯಾಬಿನ ಕಿಟಕಿ ಮುಚ್ಚಿ, ಲೇಸರ್ ಪಾಯಿಂಟರಿನ ಬೆಳಕಿಗೆ ಅಡ್ಡವಾಗಿ ಒಂದು ತಲೆಗೂದಲನ್ನು ಬಿಗಿಯಾಗಿ ಹಿಡಿದರೆ, ಎದುರಿನ ಗೋಡೆ ಮೇಲೆ ಒಂದು ಚುಕ್ಕೆಯ ಬದಲು ಕೆಂಪು-ಕಪ್ಪು ಪಟ್ಟೆಗಳ ಸಾಲು ಮೂಡುತ್ತದೆ. ಕೂದಲಿನ ಎರಡೂ ಪಕ್ಕದಿಂದ ಹೋದ ಬೆಳಕು ಬೆರೆತದ್ದರ ಗುರುತು ಅದು. ಈಗ ಕೂದಲಿನ ಎಡಕ್ಕೊಂದು ಬಲಕ್ಕೊಂದು ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪ್ಲಾಸ್ಟಿಕ್ ಹಾಳೆ) ತುಂಡು ಇಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ. ಯಾವ ಬೆಳಕು ಯಾವ ಕಡೆಯಿಂದ ಬಂತು ಅನ್ನೋದಕ್ಕೆ ಗುರುತು ಬಿತ್ತು. ನಡುವಿನ ಪಟ್ಟೆಗಳು ಹೆಚ್ಚುಕಮ್ಮಿ ಮಾಯ! ಮಕ್ಕಳನ್ನೆಲ್ಲ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಫೋಟೊ ತೆಗೆದು ಆಮೇಲೆ ನೋಡಿದರೂ ಅಷ್ಟೇ. ಪಟ್ಟೆ ಅಳಿಸಿದ್ದು ಯಾರ ಮನಸ್ಸೂ ಅಲ್ಲ, ಆ ಪ್ಲಾಸ್ಟಿಕ್ ಹಾಳೆ.

ಹಾಗಂತ ಇದರಲ್ಲಿ ಅಚ್ಚರಿ ಇಲ್ಲ ಅಂತಲ್ಲ. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಅವರ ತಂಡ ಎರಡು ದಾರಿಗಳಿದ್ದ ಉಪಕರಣದ ಮೂಲಕ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟು ನೋಡಿದರು. ಚುಕ್ಕೆ ಚುಕ್ಕೆಯಾಗಿ ಬಿದ್ದು ಬಿದ್ದು ಕೊನೆಗೆ ಅದೇ ಪಟ್ಟೆ! ಒಂಟಿ ಎಲೆಕ್ಟ್ರಾನ್ ಯಾವುದರ ಜೊತೆ ಬೆರೆಯಿತು? ಅಳತೆಯ ಹೊತ್ತಿಗೆ ನಿಜವಾಗಿ ಏನಾಗುತ್ತದೆ ಅನ್ನೋದರ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ. 1961ರಲ್ಲಿ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಅದರಲ್ಲಿ ಪ್ರಜ್ಞೆಯ ಪಾತ್ರ ಇದೆ ಎಂದು ವಾದಿಸಿದ್ದರು, ಆಮೇಲೆ ಅವರೇ ಅದನ್ನು ಬಿಟ್ಟರು. ಈ ಎರಡನೇ ಅರ್ಧವನ್ನು ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ.

ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಶ್ರೋಡಿಂಗರ್ ಕಥೆಯೂ ಹಾಗೇ. 1926ರಲ್ಲಿ ತಮ್ಮ ಸಮೀಕರಣ ಕೊಡುವ ಮೊದಲೇ ಅವರು ವೇದಾಂತ ಓದಿಕೊಂಡಿದ್ದರು, ನಿಜ. 1944ರಲ್ಲಿ ಜೀವದ ಬಗ್ಗೆ ಬರೆದ ಪುಸ್ತಕದ ಕೊನೆಯಲ್ಲಿ ಆತ್ಮ, ಬ್ರಹ್ಮ ಎರಡೂ ಒಂದೇ ಅನ್ನೋ ಉಪನಿಷತ್ತಿನ ಮಾತನ್ನೂ ತಂದರು. ಆದರೆ ಇದು ನನ್ನ ಸ್ವಂತ ಅನಿಸಿಕೆ ಅಂತ, ವಿಜ್ಞಾನದ ಭಾಗ ಮುಗಿಸಿ, ಬೇರೆಯಾಗಿಯೇ ಬರೆದರು. ಅಷ್ಟು ದೊಡ್ಡ ಮನುಷ್ಯ ಕಾಯ್ದುಕೊಂಡ ಗೆರೆಯನ್ನು ನಾವು ಯಾಕೆ ಅಳಿಸಬೇಕು?

ನಾನೂ ದಿನಾ ಬೆಳಗ್ಗೆ ಅರ್ಧ ಗಂಟೆ ಧ್ಯಾನಕ್ಕೆ ಕೂರುವವನೇ. ಹೆಂಡತಿ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಆಗ ನನಗೆ ಯಾವ ಸಮೀಕರಣದ ಸಾಕ್ಷಿಯೂ ಬೇಕಾಗಲಿಲ್ಲ. ಭೌತಶಾಸ್ತ್ರದ ಸಿದ್ಧಾಂತಗಳು ತಿದ್ದಿಕೊಳ್ಳುತ್ತಲೇ ಬೆಳೆಯುತ್ತವೆ, ನಾಳೆ ಇದೂ ಬದಲಾದರೆ ಉಪನಿಷತ್ತನ್ನೂ ತಿದ್ದುತ್ತೀರಾ? ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಬಂದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಸವೆಸಿದರು, ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯನ್ನೂ ಮಾಡಿದರು. ಅವರ ಸರಳತೆಯಲ್ಲಿ ನನಗೆ ಕಂಡ ಅಧ್ಯಾತ್ಮ ಆ ಟೇಬಲ್ ಮೇಲೆ ಸಿಗುವಂಥದ್ದಲ್ಲ.

ಇನ್ನು ಪೆಂಡೆಂಟ್ ವಿಷಯ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ, ಕ್ವಾಂಟಮ್ ಪೆಂಡೆಂಟ್ ಸೇರಿದಂತೆ ಇಂಥ 10 ವಸ್ತುಗಳಿಂದ ವಿಕಿರಣ ಹೊಮ್ಮುತ್ತಿದೆ, ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತ್ತು. ಅಕ್ಕನ ಪೆಂಡೆಂಟ್‌ನಲ್ಲಿ ಏನಿದೆಯೋ ಗೊತ್ತಿಲ್ಲ. ಸುದ್ದಿ ಓದಿ ಹೇಳಿದೆ, ಸುಮ್ನೆ ತೆಗೆದಿಟ್ಟಳು. ಮಂಗಳವಾರ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ಇಂಥ ವಸ್ತುಗಳ ಜಾಹೀರಾತು ಬಂದಾಗ ಹಾಕುವ ಮುಂಚೆ ದಯವಿಟ್ಟು ಯಾರಾದರೂ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿ. ಪ್ರವಚನ ಏರ್ಪಡಿಸುವವರು ಕರೆದರೆ ಲೇಸರ್, ಪೋಲರಾಯ್ಡ್ ತುಂಡು ಹಿಡಿದು ನಾನೇ ಬರುತ್ತೇನೆ. 10 ನಿಮಿಷ ಸಾಕು.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತುಮಕೂರು