ನಮ್ಮ ಆಟಿಕೆಗಳ ಕಪಾಟಿನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ಕಳೆದ ತಿಂಗಳು ನೀರಾಟದ ತೊಟ್ಟಿಯ ಬಳಿ ನಡೆದ ಒಂದು ಪುಟ್ಟ ಸಂಗತಿ ಈ ಪತ್ರಕ್ಕೆ ಕಾರಣ. ನಾಲ್ಕು ವರ್ಷದ ಹುಡುಗಿಯೊಬ್ಬಳು ನಮ್ಮ ಗೊಂಬೆಗಳ ಪೈಕಿ ಕಪ್ಪಗಿರುವುದನ್ನು ಎತ್ತಿಕೊಂಡು ಬಂದು, ತೋಳು ಮಡಚಿಕೊಂಡು, ಸೋಪು ಹಚ್ಚಿ ಉಜ್ಜತೊಡಗಿದಳು. ಮೊದಲು ಬೆನ್ನು, ಆಮೇಲೆ ಕೈಗಳು, ಆಮೇಲೆ ಕೆನ್ನೆ. ಐದು ನಿಮಿಷವಾದರೂ ಪಟ್ಟು ಬಿಡಲಿಲ್ಲ. ಕೊನೆಗೆ ಬೇಸತ್ತು ನನ್ನ ಕಡೆ ತಿರುಗಿ, "ಟೀಚರ್, ಇವಳ ಕೊಳೆ ಹೋಗುತ್ತಲೇ ಇಲ್ಲ" ಎಂದಳು. ಆ ದನಿಯಲ್ಲಿ ತಿರಸ್ಕಾರದ ಲವಲೇಶವೂ ಇರಲಿಲ್ಲ. ಕೂಸಿಗೆ ಎಣ್ಣೆನೀರು ಹಾಕುವ ಅಜ್ಜಿಯ ಕಾಳಜಿ ಇತ್ತು. ನನ್ನನ್ನು ಕಲಕಿದ್ದೇ ಆ ಕಾಳಜಿ.

ಗದರಿಸಿದ್ದರೆ ತಾನು ಏನೋ ತಪ್ಪು ಮಾಡಿದೆ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು, ಏನು ತಪ್ಪು ಎಂಬುದು ತಿಳಿಯುತ್ತಿರಲಿಲ್ಲ. ನಾನು ಬೆಳ್ಳಗಿನ ಗೊಂಬೆಯೊಂದನ್ನು ತಂದು ಪಕ್ಕದಲ್ಲಿ ಕುಳಿತು ಅದಕ್ಕೂ ಸೋಪು ಹಚ್ಚಿದೆ. ಚೆನ್ನಾಗಿ ಉಜ್ಜಿ, "ಇದರ ಬಣ್ಣವೂ ಹೋಗುತ್ತಿಲ್ಲವಲ್ಲ" ಎಂದೆ. ಅವಳು ಎರಡನ್ನೂ ನೋಡಿದಳು. ತನ್ನ ಮೊಣಕೈಗೆ ಒಂದಿಷ್ಟು ನೊರೆ ಬಳಿದುಕೊಂಡು ತಿಕ್ಕಿದಳು. "ನನ್ನದೂ ಹೋಗುವುದಿಲ್ಲ" ಎಂದು ತಾನೇ ತೀರ್ಪು ಕೊಟ್ಟು, ಎರಡೂ ಗೊಂಬೆಗಳನ್ನು ಒಂದೇ ಟವೆಲಿನಲ್ಲಿ ಸುತ್ತಿ ಮಲಗಿಸಲು ಹೊರಟಳು. ಅವಳ ಪಾಲಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

ನನ್ನ ಪಾಲಿಗೆ ಮುಗಿಯಲಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಗೊಂಬೆಗಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ ಎಣಿಸಿದೆ. ಒಟ್ಟು ಹನ್ನೆರಡು. ಹನ್ನೊಂದು ಒಂದೇ ಗುಲಾಬಿ ಬಿಳುಪಿನವು, ಒಂದು ಮಾತ್ರ ಕಪ್ಪು. ಹನ್ನೊಂದರ ನಡುವೆ ಒಂದು ಬೇರೆಯಾಗಿ ಕಂಡಾಗ ಅದಕ್ಕೆ ಏನೋ ಅಂಟಿಕೊಂಡಿದೆ ಎಂದು ಮಗು ಊಹಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದಕ್ಕೆ ಹಾಗೆ ಪಾಠ ಹೇಳಿಕೊಟ್ಟದ್ದು ನಮ್ಮ ಕಪಾಟು. ಕಪಾಟನ್ನು ತುಂಬಿಸಿದವಳು ನಾನು.

"ಇಷ್ಟು ಚಿಕ್ಕ ಮಕ್ಕಳಿಗೆ ಬಣ್ಣ, ಜಾತಿ, ದೇಶ ಎಲ್ಲಿ ತಿಳಿಯುತ್ತದೆ? ನಾವೇ ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದಿಲ್ಲವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ಮಕ್ಕಳ ಕಣ್ಣು ನಾವು ಎಣಿಸಿದ್ದಕ್ಕಿಂತ ಬೇಗ ಕೆಲಸ ಶುರು ಮಾಡುತ್ತದೆ. ಈಗಷ್ಟೇ ಹುಟ್ಟಿದ ಶಿಶು ಎಲ್ಲ ಬಗೆಯ ಮುಖಗಳನ್ನೂ ಒಂದೇ ಸಮನಾಗಿ ನೋಡುತ್ತದೆ. ಮೂರು ತಿಂಗಳಾಗುವಷ್ಟರಲ್ಲಿ, ದಿನವೂ ತಾನು ಕಾಣುವಂಥ ಮುಖಗಳ ಮೇಲೆ ಹೆಚ್ಚು ಹೊತ್ತು ದೃಷ್ಟಿ ನೆಡುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ಅದು ದ್ವೇಷವಲ್ಲ, ಬರಿಯ ರೂಢಿ. ರೂಢಿಯಾದದ್ದು ಸರಿ, ರೂಢಿಯಲ್ಲಿ ಇಲ್ಲದ್ದು ವಿಚಿತ್ರ ಎಂಬ ಲೆಕ್ಕ ಅಲ್ಲಿಂದಲೇ ಮೊಳೆಯುತ್ತದೆ.

ಗೊಂಬೆಗಳ ವಿಷಯದಲ್ಲಿ ಇನ್ನೂ ಹಳೆಯ, ಇನ್ನೂ ಕಹಿಯಾದ ಪುರಾವೆ ಇದೆ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆಗಳನ್ನು ಇಟ್ಟರು. ಚರ್ಮ ಮತ್ತು ಕೂದಲಿನ ಬಣ್ಣವೊಂದನ್ನು ಬಿಟ್ಟರೆ ನಾಲ್ಕೂ ಒಂದೇ ತೆರ. ಒಳ್ಳೆಯ ಗೊಂಬೆ ಯಾವುದು, ಯಾವುದರೊಡನೆ ಆಡುತ್ತೀಯ, ಕೆಟ್ಟದಾಗಿ ಕಾಣುವುದು ಯಾವುದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನೇ ಮೆಚ್ಚಿ ತೋರಿಸಿದರು. ಕೊನೆಗೆ "ನಿನ್ನ ಹಾಗೆ ಇರುವ ಗೊಂಬೆ ಯಾವುದು?" ಎಂದಾಗ ಕೆಲವು ಮಕ್ಕಳು ಅಳತೊಡಗಿದರು. ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಆಧಾರದ ಮೇಲೆ ಬೇರೆ ಮಾಡಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ಗೊಂಬೆ ನ್ಯಾಯಾಲಯದವರೆಗೆ ಹೋದ ಕತೆ ಇದು. ಆಟಿಕೆ ಬರಿಯ ಆಟಿಕೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಅಳುವ ಮಕ್ಕಳ ನೆನಪಾಗುತ್ತದೆ.

ಹಾಗೆಂದು, ಕೂಡಲೇ ಹೋಗಿ "ಬಹುಸಂಸ್ಕೃತಿ" ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಯನ್ನು ಕೊಂಡು ತಂದರೆ ಕೆಲಸ ಮುಗಿಯಿತೇ? ಇಲ್ಲ. ಆ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ, ಇಂಥದೊಂದು ಉತ್ಸಾಹದಲ್ಲಿ, ಲೋಕದ ಹತ್ತು ದೇಶಗಳ ಗೊಂಬೆಗಳ ಗುಚ್ಛವನ್ನು ತರಿಸಿದ್ದೆ. ಒಂದೊಂದಕ್ಕೂ ಜರಿಯಂಚಿನ ಉಡುಪು, ತಲೆಯ ಮೇಲೆ ಕಿರೀಟ, ಗರಿ, ದೊಡ್ಡ ಟೋಪಿ. ಕಪಾಟಿನ ಮೇಲಿನ ಸಾಲಿನಲ್ಲಿ ನಿಲ್ಲಿಸಿದಾಗ ಬಂದವರೆಲ್ಲ ಹೊಗಳಿದರು. ಮಕ್ಕಳು ಮಾತ್ರ ಒಂದು ವಾರದಲ್ಲಿ ಅವುಗಳನ್ನು ಮರೆತರು. ಒಬ್ಬ ಹುಡುಗ ಬಹಳ ಹೊತ್ತು ಅವುಗಳನ್ನೇ ದಿಟ್ಟಿಸಿ, "ಇವರು ಮನೆಯಲ್ಲಿ ಯಾವ ಬಟ್ಟೆ ಹಾಕಿಕೊಳ್ಳುತ್ತಾರೆ?" ಎಂದು ಕೇಳಿದ. ಉತ್ತರವಿರಲಿಲ್ಲ. ಆ ಬಟ್ಟೆಗಳನ್ನು ಬಿಚ್ಚುವಂತೆಯೂ ಇರಲಿಲ್ಲ. ಅಂಟು ಹಾಕಿ ಕೂರಿಸಿದ್ದರು.

ಶಿಶುಶಿಕ್ಷಣದ ಕೆಲಸದಲ್ಲಿರುವವರು ಇಂಥದಕ್ಕೆ "ಪ್ರವಾಸಿ ಪಠ್ಯಕ್ರಮ" ಎಂದು ಹೆಸರಿಟ್ಟು ಗೇಲಿ ಮಾಡುತ್ತಾರೆ. ಒಂದು ದಿನ ಒಂದು ದೇಶಕ್ಕೆ ಹೋಗಿ, ಅಲ್ಲಿನ ಹಬ್ಬ ನೋಡಿ, ಬಾವುಟ ಅಂಟಿಸಿ, ಮರುದಿನ ವಾಪಸು. ಇದರಿಂದ ಮಗುವಿಗೆ ಹತ್ತುವ ಪಾಠ ಒಂದೇ: ನಾವು ದಿನನಿತ್ಯ ಬದುಕುವವರು, ಅವರು ಹಬ್ಬದ ದಿನ ಮಾತ್ರ ಇರುವವರು. ಎಲ್ಲ ಕಡೆಯ ಜನರೂ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾರೆ, ಬಸ್ಸು ತಪ್ಪಿಸಿಕೊಳ್ಳುತ್ತಾರೆ, ಮಗು ಅತ್ತರೆ ಎತ್ತಿಕೊಳ್ಳುತ್ತಾರೆ. ಆ ಬದುಕು ನಮ್ಮ ಆಟದ ಮೂಲೆಯಲ್ಲಿ ಕಾಣಬೇಕು. ಆದ್ದರಿಂದ ಈಗ ಯಾವುದನ್ನೇ ಕೊಳ್ಳುವ ಮೊದಲು ಆ ಹುಡುಗನ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ. ಇವರ ಮನೆಬಟ್ಟೆ ಎಲ್ಲಿದೆ?

ಗೊಂಬೆ ಆರಿಸುವಾಗ ಮುಖವನ್ನು ನೋಡಿ. ಎಷ್ಟೋ ತಯಾರಕರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಪ್ಲಾಸ್ಟಿಕ್ಕಿನ ಬಣ್ಣವೊಂದನ್ನು ಬದಲಿಸಿ ಬೇರೆ ಗೊಂಬೆ ಎಂದು ಮಾರುತ್ತಾರೆ. ಮೂಗು ಅದೇ, ಕಣ್ಣು ಅದೇ, ತುಟಿ ಅದೇ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಕೂದಲನ್ನೂ ಮುಟ್ಟಿ ನೋಡಬೇಕು: ಸುರುಳಿ ಕೂದಲೆಂದು ಪ್ಲಾಸ್ಟಿಕ್ಕಿನ ಉಬ್ಬುಗಳನ್ನು ಕೊರೆದಿದ್ದಾರೋ, ಅಥವಾ ನಿಜವಾಗಿ ಬಾಚಿ, ಹೆಣೆಯಬಹುದಾದ ಕೂದಲೋ? ಬಾಚಲಾಗದ ಗೊಂಬೆಯನ್ನು ಮಕ್ಕಳು ಮೂಲೆಗೆ ತಳ್ಳುತ್ತಾರೆ, ನಾವು ಅದನ್ನು ನೋಡಿ "ಮಕ್ಕಳಿಗೆ ಆ ಬಣ್ಣ ಇಷ್ಟವಿಲ್ಲ" ಎಂದು ತಪ್ಪಾಗಿ ಓದಿಕೊಳ್ಳುತ್ತೇವೆ. ಇನ್ನೊಂದು ಮಾತು. ಒಂದು ಬಗೆಗೆ ಒಂದೇ ಗೊಂಬೆ ಸಾಲದು. ಒಂದೇ ಇದ್ದರೆ ಅದು ಅತಿಥಿ; ಎರಡು ಮೂರಿದ್ದರೆ ಕುಟುಂಬ.

ಬಣ್ಣದ ಕಡ್ಡಿಗಳ ಕತೆಯೂ ಬೇರೆಯಲ್ಲ. "ಚರ್ಮದ ಬಣ್ಣ ಕೊಡಿ" ಎಂದು ಮಕ್ಕಳು ಕೇಳುತ್ತಾರೆ, ಕೈ ತಾನಾಗಿಯೇ ತಿಳಿಗುಲಾಬಿಯ ಕಡೆ ಹೋಗುತ್ತದೆ. ಆ ಕೈ ನನ್ನದೂ ಆಗಿತ್ತು. ಕ್ರಯೋಲಾ ಕಂಪನಿ ಆ ತಿಳಿಗುಲಾಬಿ ಕಡ್ಡಿಗೆ ಬಹುಕಾಲ "ಚರ್ಮ" ಎಂಬ ಅರ್ಥದ ಹೆಸರನ್ನೇ ಇಟ್ಟಿತ್ತು. 1962ರಲ್ಲಿ ಅದನ್ನು ಬದಲಿಸಿ ಪೀಚ್ ಎಂದಿತು. 2020ರಲ್ಲಿ ಅದೇ ಕಂಪನಿ ಜಗತ್ತಿನ ಜನರ ಮೈಬಣ್ಣಗಳನ್ನು ಗಮನದಲ್ಲಿಟ್ಟು 24 ಕಡ್ಡಿಗಳ ಪೆಟ್ಟಿಗೆ ತಂದಿತು. ಇಂಥ ಪೆಟ್ಟಿಗೆಗಳು ಈಗ ಬೇರೆ ಕಡೆಯೂ ಸಿಗುತ್ತವೆ. ನಮಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬಣ್ಣ ಬೆರೆಸುವ ಆಟ. ಕಂದು, ಹಳದಿ, ಬಿಳಿ, ಒಂದು ತೊಟ್ಟು ಕೆಂಪು ಬೆರೆಸಿ, ಪ್ರತಿ ಮಗುವೂ ತನ್ನ ಮುಂಗೈ ಪಕ್ಕದಲ್ಲಿಟ್ಟು ಹೊಂದಿಸಿ ನೋಡಿತು. ಯಾರೊಬ್ಬರಿಗೂ ಶೀಶೆಯಿಂದ ನೇರವಾಗಿ ಬಂದ ಬಣ್ಣ ಹೊಂದಲಿಲ್ಲ. ಒಬ್ಬ ತನ್ನ ಬಣ್ಣಕ್ಕೆ "ಒದ್ದೆ ಮರಳು" ಎಂದು ಹೆಸರಿಟ್ಟ. ಗೋಡೆಯ ಮೇಲೆ ಹೆಸರು ಸಮೇತ ಅಂಟಿಸಿದ್ದೇವೆ, ಬಂದಾಗ ನೋಡಿ.

ಪುಸ್ತಕಗಳನ್ನು ಎಣಿಸಲು ಹೋಗಿ ನನಗೆ ಇನ್ನಷ್ಟು ಮುಜುಗರವಾಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಒಂದು ಕೇಂದ್ರವಿದೆ. 2018ರ ಪುಸ್ತಕಗಳ ಮುಖ್ಯ ಪಾತ್ರಗಳನ್ನು ಅದು ಲೆಕ್ಕ ಹಾಕಿದಾಗ ಶೇಕಡಾ 50 ಬಿಳಿಯರು, ಶೇಕಡಾ 27 ಪ್ರಾಣಿಗಳು, ಆಟಿಕೆಗಳು, ಟ್ರಕ್ಕುಗಳು ಇತ್ಯಾದಿ. ಉಳಿದೆಲ್ಲ ಮೂಲದ ಮನುಷ್ಯರನ್ನು ಸೇರಿಸಿದರೂ ಶೇಕಡಾ 23. ಎಂದರೆ ಬಿಳಿಯರಲ್ಲದ ಎಲ್ಲ ಮನುಷ್ಯರಿಗಿಂತ ಮೊಲ, ಕರಡಿ, ಟ್ರಕ್ಕುಗಳಿಗೇ ಹೆಚ್ಚು ಜಾಗ! ನಮ್ಮ ಕಪಾಟಿನ ಲೆಕ್ಕ ಇದಕ್ಕಿಂತ ಉತ್ತಮವಾಗೇನೂ ಇರಲಿಲ್ಲ. ಕರಡಿಗಳ ಮೇಲೆ ನನಗೆ ಮುನಿಸಿಲ್ಲ. ಆದರೆ "ಬೇರೆ ಬಗೆಯವರು" ಬರುವ ಪುಸ್ತಕಗಳನ್ನು ತಿರುವಿದರೆ ಹೆಚ್ಚಿನವು ಕಷ್ಟ, ಬಡತನ, ಅವಮಾನದ ಕತೆಗಳೇ. ಹಲ್ಲು ಬಿದ್ದದ್ದಕ್ಕೆ ಕುಣಿಯುವ, ಮಲಗಲು ಹಟ ಮಾಡುವ, ನಾಯಿಮರಿಗೆ ಹೆಸರು ಹುಡುಕುವ ಕಪ್ಪು ಮಗುವಿನ ಕತೆ ಬೇಕು. ಅಂಥದ್ದನ್ನು ಹುಡುಕುತ್ತಿದ್ದೇವೆ.

ವೇಷದ ಪೆಟ್ಟಿಗೆಯಲ್ಲಿ ಸಿದ್ಧ ಉಡುಪುಗಳನ್ನು ಕಡಿಮೆ ಮಾಡಿ ಉದ್ದುದ್ದನೆಯ ಬಟ್ಟೆಗಳನ್ನೇ ಇಟ್ಟಿದ್ದೇವೆ. ಒಂದು ಅಳತೆಯ ಬಟ್ಟೆ ಮಗುವಿನ ಕೈಯಲ್ಲಿ ಮುಂಡಾಸು, ಹೊದಿಕೆ, ಜೋಲಿ, ಸೆರಗು ಏನು ಬೇಕಾದರೂ ಆಗುತ್ತದೆ. ಗರಿಗಳ ಕಿರೀಟವನ್ನು ತೆಗೆದುಬಿಟ್ಟೆ. ಅದು ಕೆಲವು ಜನಾಂಗಗಳಲ್ಲಿ ಗಳಿಸಿ ಧರಿಸಬೇಕಾದ ಗೌರವ. ಅದನ್ನು ಹಾಕಿಕೊಂಡು ಕೂಗುತ್ತ ಓಡುವುದನ್ನು ಕಂಡರೆ ಅವರಿಗೆ ಹೇಗನಿಸೀತು ಎಂದು ಯೋಚಿಸಿದೆ. ಈ ವಿಷಯದಲ್ಲಿ ನಮ್ಮ ಶಿಕ್ಷಕಿಯರಲ್ಲೇ ಒಮ್ಮತವಿಲ್ಲ, ಚರ್ಚೆ ನಡೆಯುತ್ತಿದೆ.

ದುಡ್ಡಿಲ್ಲದೆ ಆಗುವ ಕೆಲಸವೂ ಇದೆ. ಒಂದು ಗಜ ದಾರದ ಎರಡು ತುದಿ ಗಂಟು ಹಾಕಿ ಬೆರಳುಗಳ ನಡುವೆ ಆಕಾರ ಕಟ್ಟುವ ಆಟ ಆರ್ಕ್ಟಿಕ್ ಹಿಮದ ಇನ್ಯೂಯಿಟ್ ಜನರಲ್ಲೂ ಇದೆ, ಪೆಸಿಫಿಕ್ ದ್ವೀಪಗಳಲ್ಲೂ ಇದೆ, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲೂ ಇದೆ. ಗುಳಿಗಳಲ್ಲಿ ಬೀಜ ಹಂಚುತ್ತ ಹೋಗುವ ಆಟ ಆಫ್ರಿಕಾ, ಏಷ್ಯಾ ಎರಡೂ ಖಂಡಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಓಡಾಡುತ್ತದೆ. ಇವುಗಳಿಗೆ ಬಾವುಟ ಅಂಟಿಸುವ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ. ದೂರದಿಂದ ತಂದ ಕರಕುಶಲ ವಸ್ತುಗಳಲ್ಲಿ ಎಷ್ಟೋ ಅಲಂಕಾರಕ್ಕಾಗಿ ಮಾಡಿದಂಥವು, ಮಗುವಿನ ಬಾಯಿಗಾಗಿ ಅಲ್ಲ. ಮೂರು ವರ್ಷದೊಳಗಿನವರ ಆಟಿಕೆಯ ಯಾವ ಭಾಗವೂ, ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಎಂದು ಪರೀಕ್ಷಿಸಲು ಬಳಸುವ ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಮಣಿ, ಗೆಜ್ಜೆ, ಕಿತ್ತುಬರುವ ಗುಂಡಿ, ಎಲ್ಲಿ ಬಳಿದದ್ದೆಂದು ತಿಳಿಯದ ಬಣ್ಣ, ಇವುಗಳನ್ನು ನಾವು ಎತ್ತರದ ಕಪಾಟಿನಲ್ಲಿ ಇಡುತ್ತೇವೆ. ನೀವು ಪ್ರೀತಿಯಿಂದ ಕೊಟ್ಟದ್ದು ಅಲ್ಲಿ ಕಂಡರೆ ಬೇಸರಿಸಬೇಡಿ.

ಒಬ್ಬ ತಂದೆ ಬಾಗಿಲಲ್ಲಿ ನಿಂತು ನೇರವಾಗಿ ಕೇಳಿದರು: "ನಮ್ಮ ಮಕ್ಕಳಿಗೆ ನಮ್ಮದೇ ತಿಳಿದಿಲ್ಲ, ಪರರದ್ದು ಏಕೆ?" ಅವರ ಆತಂಕ ನನಗೆ ಅರ್ಥವಾಗುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ: ಮಗುವಿಗೆ ತನ್ನ ಸಂಸ್ಕೃತಿ, ತನ್ನ ಭಾಷೆಯ ಮೇಲೆ ಗೌರವ ಮೂಡಬೇಕು, ತನ್ನದಲ್ಲದ ನಾಗರಿಕತೆಗಳ ಮೇಲೂ ಮೂಡಬೇಕು. ತನ್ನ ಮನೆಯ ಲಾಲಿಹಾಡನ್ನು ತರಗತಿಯಲ್ಲಿ ಕೇಳಿದ ಮಗು ಪಕ್ಕದವಳ ಲಾಲಿಹಾಡಿಗೂ ಕಿವಿಗೊಡುವುದನ್ನು ನಾನು ದಿನವೂ ಕಾಣುತ್ತೇನೆ. "ನಮ್ಮ ತರಗತಿಯಲ್ಲಿ ಎಲ್ಲರೂ ಒಂದೇ ಬಗೆಯವರು, ಇದೆಲ್ಲ ಬೇಡ" ಎನ್ನುವವರಿಗೆ ಒಂದೇ ಮಾತು: ಹಾಗಿದ್ದರೆ ಇನ್ನೂ ಹೆಚ್ಚು ಬೇಕು. ಆ ಮಕ್ಕಳಿಗೆ ಬೇರೆಯವರ ಮೊದಲ ಪರಿಚಯವಾಗುವುದು ನಮ್ಮ ಗೊಂಬೆಯಿಂದಲೇ.

ನಿಮ್ಮಿಂದ ನನಗೆ ಬೇಕಾದದ್ದು ಹೊಸ ಆಟಿಕೆಗಳಲ್ಲ. ನಿಮ್ಮ ಅಡುಗೆಮನೆಯ ಖಾಲಿ ಡಬ್ಬಿ, ಪೊಟ್ಟಣಗಳನ್ನು ತೊಳೆದು ಕಳಿಸಿ. ಮೇಲೆ ಯಾವ ಲಿಪಿ ಇದ್ದರೂ ಸರಿ, ನಮ್ಮ ಆಟದ ಮನೆಯ ಕಪಾಟಿಗೆ ಅವೇ ಬೇಕು. ಹಳೆಯ ಪಾತ್ರೆ, ಮರದ ಸೌಟು, ಮೆತ್ತಗಾದ ಹಳೆಯ ಬಟ್ಟೆ. ಮನೆಯಲ್ಲಿ ಹಿರಿಯರು ಹಾಡುವ ಲಾಲಿಹಾಡನ್ನು ಮೊಬೈಲಿನಲ್ಲಿ ಮುದ್ರಿಸಿ ಕಳಿಸಿ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದರೂ ಚಿಂತೆಯಿಲ್ಲ. ಮಗುವಿನ ಹೆಸರನ್ನು ನಿಮ್ಮ ಮನೆಯ ಲಿಪಿಯಲ್ಲಿ ಬರೆದು ಕೊಡಿ. ಆ ಹೆಸರನ್ನು ಮನೆಯಲ್ಲಿ ಹೇಗೆ ಉಚ್ಚರಿಸುತ್ತೀರಿ ಎಂದು ನನಗೊಮ್ಮೆ ಹೇಳಿ, ಎರಡು ಹೆಸರುಗಳನ್ನಾದರೂ ನಾನು ವರ್ಷವಿಡೀ ತಪ್ಪಾಗಿ ಕರೆಯುತ್ತಿದ್ದೇನೆ ಎಂಬ ಗುಮಾನಿ ನನಗಿದೆ. ಮುಂಬಾಗಿಲ ಪಕ್ಕದಲ್ಲಿ ಹಸಿರು ಪೆಟ್ಟಿಗೆ ತಿಂಗಳ ಕೊನೆಯವರೆಗೆ ಇರುತ್ತದೆ.

ಹೊಸ ಗೊಂಬೆಗಳು ಹೋದ ವಾರ ಬಂದವು. ಮೂರಕ್ಕೆ ನಿಜವಾದ ಸುರುಳಿ ಕೂದಲಿದೆ, ಎರಡೇ ದಿನದಲ್ಲಿ ಅದು ಗಂಟುಗಂಟಾಗಿ ಹೋಗಿದೆ. ತೊಟ್ಟಿಯ ಬಳಿಯ ಆ ಹುಡುಗಿ ಬಾಚಣಿಗೆ ಹಿಡಿದು ದಿನಾ ನನ್ನ ಬಳಿ ಬರುತ್ತಾಳೆ, ನನಗೂ ನಮ್ಮ ಶಿಕ್ಷಕಿಯರಿಗೂ ಅಂಥ ಕೂದಲು ಬಿಡಿಸಿ ಹೆಣೆಯಲು ಬರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಂದರೆ, ಗುರುವಾರ ಮಕ್ಕಳ ನಿದ್ದೆಯ ಹೊತ್ತು ಮುಗಿದ ಮೇಲೆ ಅರ್ಧ ಗಂಟೆ ಬಂದು ಹೇಳಿಕೊಡಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ