ಬೋಟೊಳಗೆ ನೀರು ತುಂಬೋ ವಿಷಯ, ಅಪ್ಪಾಜಿಗೆ

ತೀರ್ಥರೂಪ ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರ. ನಾವು ಮೂವರೂ ಆರಾಮಾಗಿದ್ದೀವಿ. ನೀವೂ ಆರಾಮಾಗಿದ್ದೀರ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಅಕ್ಕನ ಮೆಸೇಜ್ ಬಂತು. ಅಪ್ಪಾಜಿ ಮೂರು ರಾತ್ರಿಯಿಂದ ಸರಿಯಾಗಿ ಮಲಗಿಲ್ಲ, ಬಿಪಿ 160/100 ಇದೆ, ಎಲ್ಲಾ ನೀನು ಕಳಿಸಿದ ಆ ಬೋಟಿನ ವಿಡಿಯೋದಿಂದಾನೇ ಅಂತ. ಅಕ್ಕ, ಇದನ್ನ ಅಪ್ಪಾಜಿ ಪಕ್ಕ ಕೂತು ನಿಧಾನಕ್ಕೆ ಓದಿ ಹೇಳು, ಪೂರ್ತಿ ಓದು.

ಅಪ್ಪಾಜಿ, ನಾನು ಬೋಟೊಳಗೆ ನೀರು ಬಿಡ್ತಿರೋದು ನಿಜ. ಬೋಟು ಕೆಟ್ಟಿಲ್ಲ, ನಾವು ಬೇಕು ಅಂತಾನೇ ಬಿಡೋದು. ಲೋಕದಲ್ಲೆಲ್ಲ ದೋಣಿಯಿಂದ ನೀರು ಮೊಗೆದು ಹೊರಗೆ ಚೆಲ್ಲಿದ್ರೆ ಇಲ್ಲಿ ಅಮೆರಿಕಾದಲ್ಲಿ ಪಂಪ್ ಇಟ್ಟು ಬೋಟೊಳಗಿನ ದೊಡ್ಡ ಬ್ಯಾಗುಗಳಿಗೆ ತುಂಬ್ತಾರೆ, ಮೊದಲನೇ ಸಲ ನೋಡಿದಾಗ ನಂಗೂ ವಿಚಿತ್ರ ಅನ್ಸಿತ್ತು. ಪುಟ್ಟಿ ಕಾಲಿಗೆ ಹಲಗೆ ಕಟ್ಕೊಂಡು ಬೋಟಿನ ಹಿಂದೆ ಸುಮಾರು 20 ಮೀಟರ್ ಹಗ್ಗ ಹಿಡ್ಕೊಂಡು ಬರ್ತಾಳಲ್ಲ, ಅವಳು ಜಿಗಿಯೋದು ಬೋಟು ಎಬ್ಬಿಸೋ ಅಲೆ ಮೇಲಿಂದ. ಗಂಟೆಗೆ 30-35 ಕಿಲೋಮೀಟರ್ ವೇಗಕ್ಕೆ ಬಂದ್ರೆ ಹಗುರ ಬೋಟು ಮೇಲೆದ್ದು ನೀರಿನ ಮೇಲೆ ಜಾರ್ತಾ ಹೋಗುತ್ತೆ, ಹಿಂದೆ ಅಲೆ ಚಿಕ್ಕದಾಗಿಬಿಡುತ್ತೆ. ತೂಕ ಹಾಕಿದ್ರೆ ಬೋಟು ಇನ್ನೊಂಚೂರು ಕೆಳಗೆ ಕೂತು ಜಾಸ್ತಿ ನೀರು ತಳ್ಳುತ್ತೆ, ಅಲೆ ಎತ್ತರ ಆಗುತ್ತೆ. ಅಷ್ಟೇ ವಿಷಯ.

ಹಾಗಾದ್ರೆ ಮರಳು ಮೂಟೆ ಇಟ್ರೆ ಆಗಲ್ವಾ ಅಂತ ಭಾವ ಕೇಳಿದ್ರಂತೆ. ಭಾವ, ಮರಳು, ಸೀಸ ಎಲ್ಲಾ ಬೋಟು ಮುಳುಗೋ ಪ್ರಸಂಗ ಬಂದ್ರೆ ತಳಕ್ಕೆ ಎಳೆಯುತ್ತೆ. ನೀರು ಹಾಗಲ್ಲ. ಅಪ್ಪಾಜಿ, ಬಾವಿಲಿ ಕೊಡ ಮುಳುಗಿಸಿ ಹಗ್ಗ ಎಳೀತೀವಲ್ಲ, ಕೊಡ ನೀರೊಳಗೆ ಇರೋವರೆಗೂ ಕೈಗೆ ಭಾರಾನೇ ಗೊತ್ತಾಗಲ್ಲ, ನೀರಿಂದ ಮೇಲೆ ಬಂದ ಕೂಡಲೇ ತೋಳು ಜಗ್ಗುತ್ತೆ. ಇದೂ ಅದೇ ಲೆಕ್ಕ. ಬೋಟು ತೇಲ್ತಿರೋವಾಗ ಬ್ಯಾಗಿನ ನೀರು ಪೂರ್ತಿ ತೂಗುತ್ತೆ, ಅಕಸ್ಮಾತ್ ಬೋಟೊಳಗೆಲ್ಲ ಕೆರೆ ನೀರು ತುಂಬಿದ್ರೆ ಬ್ಯಾಗಿನ ನೀರು ಬೋಟನ್ನ ಕೆಳಕ್ಕೆ ಎಳೆಯಲ್ಲ. ಮೇಲಾಗಿ ಬೇಡ ಅಂದಾಗ ಸ್ವಿಚ್ ಒತ್ತಿದ್ರೆ ಹೊರಗೆ ಹೋಗುತ್ತೆ, ಮರಳು ಹೋಗುತ್ತಾ?

ಅಮ್ಮ, ನಾನು ಬೋಟಿನ ತಳಕ್ಕೆ ತೂತು ಹೊಡೆದೆ ಅಂತ ಕೇಳಿ ನೀನು ಅತ್ತುಬಿಟ್ಯಂತೆ. ಹೌದು ಹೊಡೆದೆ. ಆದ್ರೆ ಬರೀ ತೂತು ಬಿಟ್ಟಿಲ್ಲಮ್ಮ, ಅದಕ್ಕೆ ಕಂಚಿನ ಫಿಟ್ಟಿಂಗ್ ಕೂರಿಸಿ, ಸುತ್ತ ಬೋಟಿಗೇ ಅಂತ ಬರೋ ಸೀಲೆಂಟ್ ಅಂಟು ಹಾಕಿ, ಅದು ಪೂರ್ತಿ ಗಟ್ಟಿ ಆದ್ಮೇಲೇನೇ ನೀರಿಗಿಳಿಸಿದ್ದು. ಫಿಟ್ಟಿಂಗ್ ತಲೆ ಮೇಲೇ ಒಂದು ವಾಲ್ವ್ ಇದೆ, ಕಾಲು ಸುತ್ತು ತಿರುಗಿಸಿದ್ರೆ ನೀರು ಬಂದ್. ತುಂಬೋದು, ಖಾಲಿ ಮಾಡೋದು ಎರಡು ಬಿಟ್ಟು ಬೇರೆ ಹೊತ್ತೆಲ್ಲ ಅದು ಮುಚ್ಚಿರುತ್ತೆ, ಮುಚ್ಚೋ ಕೆಲಸ ಪುಟ್ಟೀದು, ಅವಳು ಒಂದು ದಿನಾನೂ ಮರೆತಿಲ್ಲ. ವಾಲ್ವಿಂದ ಪಂಪು, ಪಂಪಿಂದ ಬ್ಯಾಗು. ಪಂಪೊಳಗೆ ರಬ್ಬರ್ ರೆಕ್ಕೆ ಇರೋ ಇಂಪೆಲ್ಲರ್ ಅನ್ನೋ ಚಕ್ರ ಇದೆ, ಒಂದು ಕಡೆ ತಿರುಗಿದ್ರೆ ತುಂಬುತ್ತೆ, ಉಲ್ಟಾ ತಿರುಗಿದ್ರೆ ಖಾಲಿ. ನೀರಿಲ್ದೆ ಓಡಿಸಿದ್ರೆ ಆ ರಬ್ಬರ್ ಸುಟ್ಟುಹೋಗುತ್ತೆ, ಅದಕ್ಕೇ ಬ್ಯಾಗ್ ಖಾಲಿ ಆಗ್ತಿದ್ದ ಹಾಗೆ ಶಬ್ದ ಕೇಳಿಸ್ಕೊಂಡು ಆಫ್ ಮಾಡ್ಬೇಕು. ಗಂಟೆಗೆ 3,000 ಲೀಟರ್ ಎತ್ತುತ್ತೆ ಅಂತ ಬರೆದಿದ್ದಾರೆ ಆದ್ರೆ ಪೈಪಿನ ತಿರುವು ಎಲ್ಲಾ ಸೇರಿ ಅಷ್ಟು ಬರಲ್ಲ, 180 ಲೀಟರಿನ ಒಂದು ಬ್ಯಾಗ್ ತುಂಬೋಕೆ ನಮಗೆ ಐದಾರು ನಿಮಿಷ ಬೇಕು. ತುಂಬಿದ ಮೇಲೆ ಹೆಚ್ಚಿನ ನೀರು ಬೋಟಿನ ಪಕ್ಕದ ಇನ್ನೊಂದು ರಂಧ್ರದಿಂದ ಹೊರಗೆ ಚಿಮ್ಮುತ್ತೆ. ಆ ರಂಧ್ರ ನೀರಿನ ಮಟ್ಟಕ್ಕಿಂತ ಮೇಲೆ ಇರ್ಲೇಬೇಕು, ಕೆಳಗೆ ಇಟ್ರೆ ಕೆರೆ ನೀರು ತಾನಾಗೇ ಒಳಗೆ ಬರ್ತಾನೇ ಇರುತ್ತೆ. ನಮ್ದು ಒಂದೂವರೆ ಗೇಣು ಮೇಲಿದೆ.

ಈಗ ಆ ವಿಡಿಯೋ. ಅದ್ರಲ್ಲಿ ನೆಲದ ಹಲಗೆ ಕೆಳಗೆ ನೀರು ಹರೀತಾ ಇದ್ದದ್ದು ನಿಜ, ಅದನ್ನ ಮುಚ್ಚಿಡಲ್ಲ ಅಪ್ಪಾಜಿ. ಹಿಂದಿನ ಬ್ಯಾಗಿನ ಪೈಪಿಗೆ ಬಿಗಿಯೋ ಪಟ್ಟಿ, ಅಂದ್ರೆ ಕ್ಲಾಂಪ್, ಒಂದೇ ಹಾಕಿದ್ದೆ, ಇಂಜಿನ್ ಅದುರಿಗೆ ಅದು ಸಡಿಲ ಆಗಿತ್ತು. ತಳದಲ್ಲಿ ನೀರು ಸೇರಿದ ಕೂಡಲೇ ತಾನಾಗೇ ಆನ್ ಆಗೋ ಬೇರೆ ಪಂಪ್ ಇದೆ, ಅದು ಆನ್ ಆಯ್ತು, ನಾನು ವಾಲ್ವ್ ಮುಚ್ಚಿದೆ, ಮುಗೀತು. ದಡದ ಪಕ್ಕದಲ್ಲೇ ಇದ್ವಿ. ಈಗ ಪ್ರತಿ ಜಾಯಿಂಟಿಗೂ ಎರಡೆರಡು ಕ್ಲಾಂಪ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಬ್ಯಾಗ್ ಜಾರದ ಹಾಗೆ ಬೆಲ್ಟು. ಬ್ಯಾಗ್ ತುಂಬಿದ್ರೆ ಪೂರ್ತಿ ತುಂಬ್ತೀವಿ, ಇಲ್ಲಾಂದ್ರೆ ಪೂರ್ತಿ ಖಾಲಿ, ಅರ್ಧ ಇದ್ರೆ ತಿರುವಿನಲ್ಲಿ ನೀರೆಲ್ಲ ಒಂದೇ ಪಕ್ಕಕ್ಕೆ ನುಗ್ಗಿ ಬೋಟು ವಾಲುತ್ತೆ. ತುಂಬಿದ ಕೊಡ ತುಳುಕಲ್ಲ ಅಂತ ಅಮ್ಮ ಹೇಳ್ತಿದ್ದದ್ದು ಇಲ್ಲಿ ಅಕ್ಷರಶಃ ನಿಜ.

ಆದ್ರೆ ಅಪ್ಪಾಜಿ, ನೀವು ಅಕ್ಕನ ಕೈಲಿ ಒಂದು ಮಾತು ಕೇಳಿಸಿದ್ರಿ. ಮುಂದೆ ಅಷ್ಟು ಭಾರ ಇಟ್ಟಿದ್ದಾನಲ್ಲ, ಗಾಡಿ ಮೂಕಿ ಭಾರ ಆದ ಹಾಗೆ ಆಗಲ್ವಾ ಅಂತ. ಅದನ್ನ ಓದಿ ನಾನು ರಾತ್ರಿ ಎದ್ದು ಕೂತು ಲೆಕ್ಕ ಹಾಕಿದೆ. ಹಿಂದೆ ಎರಡು ಬ್ಯಾಗ್ 360 ಕೆಜಿ, ಮುಂದೆ ಒಂದು 100 ಕೆಜಿ, ನಾವು ಮೂವರು ಸಾಮಾನು ಸೇರಿ 210. ಒಟ್ಟು 670. ಅಮೆರಿಕಾದಲ್ಲಿ 20 ಅಡಿಗಿಂತ ಚಿಕ್ಕ ಮೋಟರ್ ಬೋಟಿಗೆ ಎಷ್ಟು ಜನ, ಎಷ್ಟು ತೂಕ ಅಂತ ಒಂದು ಪ್ಲೇಟ್ ಹೊಡೆದಿರ್ತಾರೆ, ನಮ್ಮ ಬೋಟಿನದ್ರಲ್ಲಿ 1,300 ಪೌಂಡ್ ಅಂತ ಇದೆ, ಅಂದ್ರೆ ಸುಮಾರು 590 ಕೆಜಿ. ಜನ ಮಾತ್ರ ಎಣಿಸಿ ನೀರು ಎಣಿಸದೇ ಬಿಟ್ಟಿದ್ದೆ. ನೀರೂ ತೂಕಾನೇ, ಲೀಟರಿಗೆ ಒಂದು ಕೆಜಿ. ಅದೂ ಮೂಗಿನ ಕಡೆ ಭಾರ ಇದ್ರೆ ವೇಗ ಇಳಿಸಿದ ಕೂಡಲೇ ಬೋಟು ಮುಂದಕ್ಕೆ ಬಾಗುತ್ತೆ, ಎದುರಿಗೆ ಇನ್ನೊಂದು ಬೋಟಿನ ಅಲೆ ಬಂದ್ರೆ ನೀರು ಮುಂದಿನಿಂದ ನೇರ ಒಳಗೇ ಬೀಳುತ್ತೆ. ಇಂಥ ಬೋಟುಗಳು ಹೀಗೂ ನೀರು ತುಂಬ್ಕೊಳ್ತವೆ.

ನೀವು ಈ ಬೋಟನ್ನ ಕಣ್ಣಾರೆ ನೋಡಿಲ್ಲ, ಆದ್ರೂ ಎಲ್ಲಿ ತಪ್ಪಾಗುತ್ತೆ ಅಂತ ಅಲ್ಲಿಂದಾನೇ ಹೇಳಿದ್ರಿ. ಮಾರನೇ ದಿನ ಬೆಳಗ್ಗೇನೇ ಮುಂದಿನ ಬ್ಯಾಗ್ ಬಿಚ್ಚಿ ತೆಗೆದುಬಿಟ್ಟೆ. ಈಗ ನಾವು ಮೂರೇ ಜನ ಇದ್ರೆ ಹಿಂದಿನ ಎರಡು ತುಂಬ್ತೀವಿ, ಒಟ್ಟು 570. ಆರು ಜನ ಬಂದ್ರೆ ಒಂದನ್ನೂ ತುಂಬಲ್ಲ. ಭಾರ ಕಮ್ಮಿ ಆಗಿ ಅಲೆ ಸ್ವಲ್ಪ ಚಿಕ್ಕದಾಗಿದೆ, ಪುಟ್ಟಿಗೆ ಕಲಿಯೋಕೆ ಇದೇ ಒಳ್ಳೇದು. ತಾತ ಹೇಳಿದ್ದಕ್ಕೆ ಬಿಚ್ಚಿದ್ದು ಅಂದೆ, ಅವಳು ಮರು ಮಾತಾಡ್ಲಿಲ್ಲ.

ಅವಳು ಲೈಫ್ ಜಾಕೆಟ್ ಇಲ್ದೆ ನೀರಿಗೆ ಇಳಿಯಲ್ಲ. ನಾನು ಓಡಿಸ್ತೀನಿ, ಅವರಮ್ಮ ಹಿಂದಕ್ಕೆ ಮುಖ ಮಾಡಿ ಕೂತು ಅವಳನ್ನೇ ನೋಡ್ತಿರ್ತಾಳೆ. ಇಂಜಿನ್ ಆನ್ ಇರೋವಾಗ ಹಿಂದಿನ ಮೆಟ್ಟಿಲ ಮೇಲೆ ಯಾರೂ ಕೂರಂಗಿಲ್ಲ, ಹೊಗೆ ಅಲ್ಲೇ ಸೇರುತ್ತೆ, ಆ ಕಾರ್ಬನ್ ಮಾನಾಕ್ಸೈಡಿಗೆ ವಾಸನೇನೇ ಇರಲ್ಲ.

ಇನ್ನೊಂದು ಹೇಳ್ಬೇಕು, ಕೆರೆಯಿಂದ ಬೋಟು ಎತ್ತೋ ಮುಂಚೆ ನೀರೆಲ್ಲ ಅಲ್ಲೇ ಖಾಲಿ ಮಾಡ್ಬೇಕು. ಟ್ರೈಲರಿಗೆ ಭಾರ ಅನ್ನೋದು ಒಂದು, ಅದಕ್ಕಿಂತ ಜೀಬ್ರಾ ಮಸಲ್ ಅಂತ ಬೆರಳುಗುರಿನಷ್ಟು ಚಿಪ್ಪಿನ ಜೀವಿಯ ಕಾಟ. 1988ರಲ್ಲಿ ಇಲ್ಲಿನ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಸಿಕ್ಕಿದ್ದು, ದೊಡ್ಡ ಹಡಗುಗಳು ಭಾರಕ್ಕೆ ಅಂತ ತುಂಬ್ಕೊಳೋ ಬ್ಯಾಲಾಸ್ಟ್ ನೀರಲ್ಲೇ ಬಂದಿದ್ದು ಅಂತಾರೆ, ಈಗ ಪೈಪಿಗೆಲ್ಲ ಮೆತ್ಕೊಂಡು ನೀರು ಹೋಗದ ಹಾಗೆ ಮಾಡುತ್ತೆ. ಮರಿ ಕಣ್ಣಿಗೇ ಕಾಣಲ್ಲ, ಬ್ಯಾಗಿನ ತಳದಲ್ಲಿ ಉಳಿದ ನೀರಲ್ಲೇ ಇನ್ನೊಂದು ಕೆರೆಗೆ ಹೋಗಬಹುದು. ಅದಕ್ಕೆ ತೊಳಿ, ಖಾಲಿ ಮಾಡು, ಒಣಗಿಸು ಅಂತ ದಡದಲ್ಲೇ ಬೋರ್ಡ್ ಇದೆ. ನಮ್ಮ ಬೋಟು ಈ ಒಂದು ಕೆರೆ ಬಿಟ್ಟು ಬೇರೆ ಕಡೆ ಹೋಗಲ್ಲ, ಆದ್ರೂ ಮಾಡ್ತೀನಿ.

ಅಪ್ಪಾಜಿ, ಎಲ್ಲಾ ಸರಿ ಇದೆ, ನಿಜವಾಗ್ಲೂ ಸರಿ ಇದೆ, ಎರಡು ಕ್ಲಾಂಪ್ ಇದೆ, ವಾಲ್ವ್ ಇದೆ, ಮುಂದೆ ಭಾರ ಇಲ್ಲ. ದಯವಿಟ್ಟು ಮಲ್ಕೊಳ್ಳಿ. ಮಾತ್ರೆ ರಾತ್ರಿದು ಬಿಡ್ಬೇಡಿ. ಅಕ್ಕ, ಬೆಳಗ್ಗೆ ಸಂಜೆ ಎರಡು ಹೊತ್ತೂ ಬಿಪಿ ನೋಡಿ ನಂಬರ್ ಬರೆದು ಕಳ್ಸು, ಇಳೀಲಿಲ್ಲ ಅಂದ್ರೆ ನನ್ನ ಫೋನಿಗೆ ಕಾಯದೇ ಡಾಕ್ಟರ್ ಹತ್ರ ಹೋಗಿ. ಈ ಭಾನುವಾರ ಬೋಟು ನೀರಿಗೆ ಇಳಿಸಲ್ಲ, ಬಿಪಿ ಇಳಿದಿದೆ ಅಂತ ನೀವೇ ಫೋನಲ್ಲಿ ಹೇಳಿದ ಮೇಲೇನೇ.

ಪುಟ್ಟಿ ಕರೀತಿದಾಳೆ, ಹೊತ್ತಾಯ್ತು. ಎಲ್ಲರಿಗೂ ಕೇಳಿದೆ ಅಂತ ಹೇಳಿ. ಉಳಿದದ್ದು ಫೋನಲ್ಲಿ.

ನಿಮ್ಮ ಮಗ